ನಮ್ಮ ಭಾವನ ರೆಕ್ಕೆ ಕುದುರೆಗಳು

ನಮ್ಮ ಭಾವನಿಗೆ ಕುದುರೆ ಹುಚ್ಚು. ಹೀಗೆಂದ ಕೂಡಲೇ ನೀವು ಮೂಗಿನ ಮೇಲೆ ಬೆರಳಿಟ್ಟುಕೊಂಡು, ಅಯ್ಯೋ, ಮನೆಮಠ ಕಳೆದುಕೊಂಡರೋ ಏನೋ ಎಂದು ಮರುಗಬೇಡಿ. ರೇಸಿನ ಕುದುರೆಯಲ್ಲ, ಜಟಕಾ ಕುದುರೆಯೂ ಅಲ್ಲ. ಭಾವನ ಕುದುರೆಗಳು ಹುಲ್ಲು ತಿನ್ನುವುದಿಲ್ಲ, ಹುರುಳಿ ಕೇಳುವುದಿಲ್ಲ, ಲದ್ದಿ ಹಾಕುವುದಿಲ್ಲ. ಅಂಗೈ ಮೇಲೆ ನಿಲ್ಲುತ್ತವೆ. ಗುಲಾಬಿ, ನೇರಳೆ, ತಿಳಿಹಸಿರು, ಹೀಗೆ ದೇವರು ಯಾವ ಕುದುರೆಗೂ ಕೊಡದ ಬಣ್ಣ. ನೈಲಾನಿನ ಕೂದಲು, ತೊಡೆಯ ಮೇಲೆ ಹೂವೋ ನಕ್ಷತ್ರವೋ ಒಂದು ಚಿತ್ರ, ಬೆನ್ನ ಮೇಲೆ ಎರಡು ರೆಕ್ಕೆ! ಹೌದು, ನಾವು ಚಿಕ್ಕವರಿದ್ದಾಗ ಫಾರಿನ್ನಿನಿಂದ ಬಂದವರ ಮನೆಯಲ್ಲಿ ಮಾತ್ರ ಕಾಣುತ್ತಿದ್ದ ಆ ಪ್ಲಾಸ್ಟಿಕ್ ಆಟದ ಕುದುರೆಗಳೇ. ಆಯುಷ್ಯವಿಡೀ ಕಾರ್ಖಾನೆಯಲ್ಲಿ ಕಬ್ಬಿಣದ ಜೊತೆ ಗುದ್ದಾಡಿ, ರಿಟೈರಾಗಿ, ಬಿಪಿ ಮಾತ್ರೆ ನುಂಗುತ್ತಿರುವ ಮನುಷ್ಯರೊಬ್ಬರು ಇವನ್ನು ದೇಶವಿದೇಶಗಳಿಂದ ತರಿಸಿ, ಷೋಕೇಸಿನಲ್ಲಿ ಜೋಡಿಸಿ, ಭಾನುವಾರ ಭಾನುವಾರ ತಲೆಗೆ ಸ್ನಾನ ಮಾಡಿಸುತ್ತಾರೆಂದರೆ ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಸೀಗೆಪುಡಿಯ ಬಟ್ಟಲು ಹಿಡಿದುಕೊಂಡು ಪಕ್ಕದಲ್ಲಿ ನಿಂತವಳು ನಾನೇ ಆದ್ದರಿಂದ ನಂಬಲೇಬೇಕಾಯಿತು.

ಭಾವ ಎಂದರೆ ನಮ್ಮ ಅಕ್ಕನ ಗಂಡ. ಭದ್ರಾವತಿಯ ಜನ್ನಾಪುರದಲ್ಲಿ ಅವರ ಮನೆ. ನಾನಿರುವುದು ಶಿವಮೊಗ್ಗದಲ್ಲಿ, ರಾಗಿಗುಡ್ಡದ ಹತ್ತಿರ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಮಾಜ ಪಾಠ ಮಾಡುತ್ತೇನೆ. ಶನಿವಾರ ಶಾಲೆ ಬಿಟ್ಟ ಕೂಡಲೇ ಭದ್ರಾವತಿ ಬಸ್ಸು ಹತ್ತುತ್ತೇನೆ, ಭಾನುವಾರ ಸಂಜೆ ವಾಪಸ್ಸು. ಅಕ್ಕನನ್ನು ನೋಡಿಕೊಂಡು ಬರೋಣವೆಂದು ಹೋಗುವುದು. ಹೋದವಳಿಗೆ ಕುದುರೆಗಳ ಜಡೆ ಬಿಡಿಸುವ ಕೆಲಸ!

ಸಾಮಾನ್ಯ ಹುಚ್ಚಾದರೆ ಕುದುರೆ ಎಂದರೆ ಕುದುರೆ, ಒಂದಿದ್ದರೆ ಸಾಕು. ಭಾವನದು ಹಾಗಲ್ಲ. ಕಾರ್ಖಾನೆಯಲ್ಲಿ ಅವರದು ಎರಕದ ಅಚ್ಚು ಮಾಡುವ ಕೆಲಸವಾಗಿತ್ತು. ಕುದುರೆಯನ್ನು ಕೈಗೆತ್ತಿಕೊಂಡ ಕೂಡಲೇ ತಲೆಕೆಳಗು ಮಾಡಿ ಕಾಲಡಿ ನೋಡುತ್ತಾರೆ. ಅಲ್ಲಿ ಅದು ತಯಾರಾದ ದೇಶದ ಹೆಸರಿರುತ್ತದೆ. "ನೋಡು ಮಾರಾಯ್ತಿ, ಅಚ್ಚು ಒಂದೇ, ಎರಕ ಬೇರೆ. ಈ ಅಚ್ಚು ಊರೂರು ತಿರುಗಿದೆ. ಒಂದು ಕಡೆ ಗುಲಾಬಿ ಹುಯ್ದಿದಾರೆ. ಇನ್ನೊಂದು ದೇಶದೋರ ಹತ್ರ ಗುಲಾಬಿ ಇರ್ಲಿಲ್ವೋ ಏನೋ, ಹಳದಿ ಹುಯ್ದ್ರು. ಮತ್ತೊಬ್ರು ಮೈ ಅದೇ ಇಟ್ಟು ರೆಕ್ಕೆ ಬದಲಾಯಿಸಿದ್ರು. ಇದಕ್ಕೆ ವೇರಿಯೇಶನ್ ಅಂತಾರೆ." ಈ ಉಪನ್ಯಾಸವನ್ನು ಅವರು ಹಾಲಿನವನಿಗೂ ಮಾಡಿದ್ದಾರೆ, ಗ್ಯಾಸ್ ಸಿಲಿಂಡರ್ ತಂದವನಿಗೂ ಮಾಡಿದ್ದಾರೆ. ಸಿಲಿಂಡರಿನವನು ಈಗೀಗ ಗೇಟಿನ ಹೊರಗೇ ಇಳಿಸಿ ಓಡಿಹೋಗುತ್ತಾನೆ.

ಪಕ್ಕದ ಮನೆಯ ತಮಿಳು ಅಜ್ಜಿಗೆ, ಅಂದರೆ ಪಾಟಿಗೆ, ಮಾತ್ರ ಈ ಕುದುರೆಗಳ ಮೇಲೆ ಬಹಳ ಭಕ್ತಿ. ಅವರ ಊರಿನ ಕಡೆ ಅಯ್ಯನಾರ್ ದೇವರಿಗೆ ಮಣ್ಣಿನ ಕುದುರೆ ಮಾಡಿ ಒಪ್ಪಿಸುತ್ತಾರಂತೆ. ಒಂದು ಶುಕ್ರವಾರ ಭಾವ ಬಚ್ಚಲಲ್ಲಿದ್ದಾಗ ಪಾಟಿ ಬಂದು, ಒಣಗಲಿಟ್ಟಿದ್ದ ಬಿಳಿ ಕುದುರೆಯ ಹಣೆಗೆ ಇಷ್ಟಗಲ ಕುಂಕುಮ ಮೆತ್ತಿ, ಕೈಮುಗಿದು ಹೋಗಿದ್ದಾರೆ. ಭಾವ ಟವೆಲ್ಲಿನಲ್ಲೇ ಬೀದಿಗೆ ಓಡಿಬಂದರು.

"ಪಾಟೀ! ಅದು ವಿಂಟೇಜ್ ಪೀಸು!"

"ಆಮಾ ಸಾರ್," ಎಂದರು ಪಾಟಿ ಸಮಾಧಾನವಾಗಿ. "ನಮ್ಮ ಸಾಮಿ ಕುದುರೆನೂ ತುಂಬ ಹಳೇದು."

ಕುಂಕುಮ ತೊಳೆದರೂ ಕಲೆ ಹೋಗಲಿಲ್ಲ. ಭಾವ ಅರ್ಧ ದಿನ ಮಂಕಾಗಿ ಕೂತಿದ್ದು, ಸಂಜೆ ಕಾಫಿ ಹೊತ್ತಿಗೆ ಮುಖ ಅರಳಿಸಿಕೊಂಡು ಎದ್ದರು. ಅದನ್ನು ಷೋಕೇಸಿನ ಮಧ್ಯದಲ್ಲೇ ಇಟ್ಟು ಘೋಷಿಸಿದರು: "ಭದ್ರಾವತಿ ವೇರಿಯೇಶನ್. ಪ್ರಪಂಚದಲ್ಲಿ ಒಂದೇ ಇರೋದು!"

ಈ ಹುಚ್ಚಿನ ಮೂಲ ಹುಡುಕಿಕೊಂಡು ಹೋದರೆ ಭಾವ ಹೆಣ್ಣು ನೋಡಲು ಬಂದ ದಿನಕ್ಕೇ ಹೋಗಿ ನಿಲ್ಲುತ್ತೇವೆ. ಶಿವಮೊಗ್ಗದ ನಮ್ಮ ಅಪ್ಪನ ಮನೆಯ ನಡುಮನೆಯಲ್ಲಿ ಗಾಜಿನ ಬಾಗಿಲಿನ ಒಂದು ಷೋಕೇಸಿತ್ತು. ಆಗಿನ ಎಲ್ಲ ಷೋಕೇಸುಗಳಲ್ಲಿ ಇರುತ್ತಿದ್ದುದೇ ಅದರಲ್ಲೂ ಇತ್ತು: ಪ್ಲಾಸ್ಟಿಕ್ ದ್ರಾಕ್ಷಿ, ಶಂಖ, ಯಾರೋ ಗೆದ್ದ ಕಪ್ಪು, ತಲೆ ಅಲ್ಲಾಡಿಸುವ ಗೊಂಬೆ. ಜೊತೆಗೆ, ದುಬೈಯಿಂದ ಬಂದ ನೆರೆಮನೆಯವರು ಅಕ್ಕನಿಗೆಂದು ಕೊಟ್ಟಿದ್ದ ಒಂದು ರೆಕ್ಕೆ ಕುದುರೆ. ಕೊಟ್ಟಿದ್ದು ಅಕ್ಕನಿಗೆ; ಆದರೆ ಬೀಗದ ಕೈ ಅಪ್ಪನ ಜನಿವಾರದಷ್ಟೇ ಭದ್ರವಾಗಿ ಅಪ್ಪನ ಸೊಂಟದಲ್ಲಿರುತ್ತಿತ್ತು. ಆಟದ ಸಾಮಾನು ಆಡುವುದಕ್ಕಲ್ಲ, ನೋಡುವುದಕ್ಕೆ ಎಂಬುದು ನಮ್ಮ ಮನೆಯ ಕಾನೂನು. ಅಕ್ಕ ಗಾಜಿನ ಹೊರಗಿನಿಂದಲೇ ಅದನ್ನು ಮುದ್ದು ಮಾಡಿ ದೊಡ್ಡವಳಾದಳು.

ಹುಡುಗ ಬಂದ. ಜೊತೆಯಲ್ಲಿ ಅವನ ತಾಯಿ, ಸೋದರಮಾವ. ಅಕ್ಕ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಹೋದಳು. ನಾನಿನ್ನೂ ಫ್ರಾಕಿನವಳು, ಕರ್ಟನ್ನಿನ ಹಿಂದೆ ನಿಂತಿದ್ದೆ. ಹುಡುಗ ತಲೆ ಎತ್ತಿದರೆ ತಾನೆ? ಅಕ್ಕ ಬಂದಳು, ತಟ್ಟೆ ಕೊಟ್ಟಳು, ನಿಂತಳು, ಹೋದಳು. ಇವರು ಮಾತ್ರ ಷೋಕೇಸಿನ ಕಡೆಯೇ ನೋಡುತ್ತಾ ಕೂತಿದ್ದರು. ಉಪ್ಪಿಟ್ಟು ಆರಿ ಗಟ್ಟಿಯಾಯಿತು. ಕೊನೆಗೆ ಸೋದರಮಾವ ಗಂಟಲು ಸರಿಮಾಡಿಕೊಂಡು, "ಏನಪ್ಪಾ, ಹೇಗಿದಾಳೆ?" ಎಂದು ಕೇಳಿದರು.

"ರೆಕ್ಕೆ ಅಂಟಿಸಿದ್ದಲ್ಲ ಮಾವ," ಎಂದರು ನಮ್ಮ ಭಾವ ಬಹಳ ಗೌರವದಿಂದ. "ಒಂದೇ ಎರಕದ್ದು. ಜಾಯಿಂಟೇ ಕಾಣಲ್ಲ."

ನಡುಮನೆಯೆಲ್ಲ ಗೊಳ್ಳೆಂದಿತು. ಅವರ ತಾಯಿ ಮಗನ ತೊಡೆ ಚಿವುಟಿದ್ದು ನನಗೂ ಕಂಡಿತು. ನಮ್ಮ ಅಪ್ಪ ಮಾತ್ರ ನಗಲಿಲ್ಲ. ಹುಡುಗನಿಗೆ ಕಸುಬಿನಲ್ಲಿ ಶ್ರದ್ಧೆಯಿದೆ ಎಂದು ಅಲ್ಲೇ ತೀರ್ಮಾನಿಸಿ ಎಲೆ ಅಡಿಕೆ ತರಿಸಿದರು. ಅಡುಗೆಮನೆಯಲ್ಲಿದ್ದ ಅಕ್ಕನನ್ನು ಯಾರೂ ಏನೂ ಕೇಳಲಿಲ್ಲ. ಹುಡುಗಿಯ ಒಪ್ಪಿಗೆ ಕೇಳುವ ಪದ್ಧತಿ ಆಗ ನಮ್ಮ ಮನೆಗಳಲ್ಲಿ ಎಲ್ಲಿತ್ತು? ಉಪ್ಪಿಟ್ಟಿಗೆ ಉಪ್ಪು ಎಷ್ಟು ಹಾಕಿದ್ದೆ ಎಂದು ಕೇಳಿದರು, ಅಷ್ಟೆ.

ಅಕ್ಕ ಇದನ್ನು ಸುಮ್ಮನೆ ಬಿಡಲಿಲ್ಲ. ಮದುವೆಯಾದ ಮೇಲೆ ಅವಳಿಗೆ ಅದೇ ಬ್ರಹ್ಮಾಸ್ತ್ರ. ಸಾರಿಗೆ ಖಾರ ಜಾಸ್ತಿ ಎಂದು ಭಾವ ಗೊಣಗಿದರೆ ಸಾಕು, "ನಾನೇನು ನಿಮ್ಮನ್ನ ಒಪ್ಕೊಂಡು ಬಂದಿದ್ನಾ? ನನ್ನನ್ನ ಯಾರು ಕೇಳಿದ್ರು?" ಎನ್ನುತ್ತಿದ್ದಳು.

"ಈಗ ಕೇಳ್ತಿದೀನಲ್ಲೇ, ಹೇಳು. ಒಪ್ಪಿಗೆನಾ?"

"ಯೋಚ್ನೆ ಮಾಡಿ ಹೇಳ್ತೀನಿ ಕಣ್ರೀ."

ಮಗಳ ಮದುವೆಯಲ್ಲಿ, ಧಾರೆಗೆ ಕೈಯೊಡ್ಡಿ ಕೂತಿದ್ದಾಗಲೂ ಭಾವ ಬಗ್ಗಿ ಅಕ್ಕನ ಕಿವಿಯಲ್ಲಿ ಕೇಳಿದರು. "ಇನ್ನೂ ಯೋಚ್ನೆ ಮಾಡ್ತಿದೀನಿ," ಎಂದಳು ಅಕ್ಕ. ಪುರೋಹಿತರೇ ನಕ್ಕುಬಿಟ್ಟರು. ನಮಗೆಲ್ಲ ಇದು ತಮಾಷೆ. ಆದರೆ ಭಾವನಿಗೆ ಒಳಗೆಲ್ಲೋ ಅದೊಂದು ಮುಳ್ಳಾಗಿ ಉಳಿದಿತ್ತು. ಒಮ್ಮೆ ನನ್ನನ್ನು ಹಿತ್ತಲಿಗೆ ಕರೆದು, "ನಿಜ ಹೇಳು, ಆವತ್ತು ಅಡುಗೆಮನೇಲಿ ನಿಮ್ಮಕ್ಕ ಅತ್ಲಾ?" ಎಂದು ಕೇಳಿದ್ದರು. ನಾನು ಕೇಸರಿಬಾತಿನ ಬಟ್ಟಲಿನಲ್ಲಿ ಮುಳುಗಿದ್ದವಳು, ನನಗೇನು ಗೊತ್ತು! ಗೊತ್ತಿಲ್ಲ ಭಾವ ಎಂದೆ. ಅವರು ಹೂಂ ಎಂದು ಬಟ್ಟೆ ಒಣಗಿಸುವ ಹಗ್ಗ ಬಿಗಿ ಮಾಡತೊಡಗಿದರು.

ಆಮೇಲೆ ಅಕ್ಕನಿಗೆ ಮರೆವು ಶುರುವಾಯಿತು. ಮೊದಲು ಬೀಗದ ಕೈ ಎಲ್ಲಿಟ್ಟೆ ಎನ್ನುವುದನ್ನು ಮರೆತಳು. ಆಮೇಲೆ ಬೀಗ ಯಾಕೆ ಹಾಕುತ್ತಾರೆ ಎನ್ನುವುದನ್ನೇ ಮರೆತಳು. ತನ್ನದೇ ಮನೆಯ ಬಾಗಿಲಲ್ಲಿ ನಿಂತು, "ಹೊತ್ತಾಯ್ತು, ನಮ್ಮನೆಗೆ ಹೋಗ್ಬೇಕು," ಎನ್ನತೊಡಗಿದಳು. ಶಿವಮೊಗ್ಗಕ್ಕೆ ಕರೆತಂದು ಡಾಕ್ಟರಿಗೆ ತೋರಿಸಿದೆವು. ಡಾಕ್ಟರು ಹಲವು ಪ್ರಶ್ನೆ ಕೇಳಿದರು. ಇದು ಯಾವ ಊರು, ಇವತ್ತು ಯಾವ ವಾರ, ಹೀಗೆ. ಕೊನೆಗೆ, "ನಿಮ್ಮ ಯಜಮಾನರ ಹೆಸರು ಹೇಳಿಯಮ್ಮಾ," ಎಂದರು. ಅಕ್ಕ ಸುಮ್ಮನೆ ಕೂತಳು. ಮತ್ತೆ ಕೇಳಿದರು. ಅಕ್ಕ ಸೆರಗಿನ ತುದಿ ತಿರುಚಿದಳು. ಡಾಕ್ಟರು ತಲೆ ಅಲ್ಲಾಡಿಸಿ ಬರೆದುಕೊಳ್ಳಲು ಹೊರಟಾಗ ಭಾವ ಎದ್ದೇ ನಿಂತರು.

"ತಡೀರಿ ಸಾರ್, ಬರೀಬೇಡಿ! ಅವಳು ಯಾವತ್ತೂ ನನ್ನ ಹೆಸರು ಹೇಳಿದೋಳೇ ಅಲ್ಲ. ರೇಷನ್ ಅಂಗಡೀಲೂ ಹೇಳಿಲ್ಲ. ಗಂಡನ ಹೆಸರು ಹೇಳೋದು ನಮ್ಮಲ್ಲಿಲ್ಲ. ಇದು ಮರೆತಿದ್ದಲ್ಲ!"

ಡಾಕ್ಟರು ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು. ಮರೆತಿದ್ದೋ ಮರ್ಯಾದೆಯೋ, ಯಾರು ಹೇಳಬೇಕು? ನಗು ಬರಬೇಕಾದ ಜಾಗ ಅದು. ನನಗೆ ಬರಲಿಲ್ಲ.

ಉತ್ತರ ಮನೆಯಲ್ಲೇ ಸಿಕ್ಕಿತು. ಒಂದು ಬೆಳಿಗ್ಗೆ ಭಾವ ಕಾಫಿ ಲೋಟ ಕೊಟ್ಟರೆ ಅಕ್ಕ ಎದ್ದು ನಿಂತು, ಬಂದ ನೆಂಟರನ್ನು ವಿಚಾರಿಸುವ ಹಾಗೆ, "ನೀವು ಯಾರ ಪೈಕಿ?" ಎಂದಳು. ಭಾವ ಲೋಟ ಕೆಳಗಿಟ್ಟು, "ಭದ್ರಾವತಿ ಕಡೆಯವ್ನು," ಎಂದರು. "ಓ, ಹೌದಾ," ಎಂದು ಅಕ್ಕ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಷೋಕೇಸಲ್ಲಿ ನನ್ನದೊಂದು ರೆಕ್ಕೆ ಕುದುರೆ ಇತ್ತು. ನೀವೇನಾದ್ರೂ ನೋಡಿದ್ರಾ?"

ಭಾವ ಅವತ್ತು ನನಗೆ ಫೋನು ಮಾಡಿದಾಗ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. "ದಾರಿ ಸಿಕ್ತು ಮಾರಾಯ್ತಿ! ಅವಳಿಗೆ ಕುದುರೆ ನೆನಪಿದೆ. ಕುದುರೆ ತೋರಿಸಿದ್ರೆ ಷೋಕೇಸು ನೆನಪಾಗುತ್ತೆ. ಷೋಕೇಸು ನೆನಪಾದ್ರೆ ಅವತ್ತಿನ ದಿನ ನೆನಪಾಗುತ್ತೆ. ಎದುರಿಗೆ ಕೂತಿದ್ದೋನು ಎಲ್ಲಿ ಹೋಗ್ತಾನೆ?"

ಅಪ್ಪನ ಮನೆ ಖಾಲಿ ಮಾಡಿದಾಗ ಆ ಷೋಕೇಸಿನ ಸಾಮಾನು ಯಾರ ಪಾಲಾಯಿತೋ ನಮಗಾರಿಗೂ ಗೊತ್ತಿಲ್ಲ. ಸರಿ, ಭಾವ ಹುಡುಕಲು ಹೊರಟರು. ಶಿವಮೊಗ್ಗದ ಗುಜರಿ ಅಂಗಡಿಗಳಲ್ಲಿ ಅವರಿಗೆ ಘೋಡಾ ಸಾಬ್ ಎಂದೇ ಹೆಸರು ಬಿತ್ತು. ಮೊಬೈಲಿನಲ್ಲಿ ಇಂಥದೇ ಹುಚ್ಚಿನ ವಿದೇಶೀಯರ ಗುಂಪೊಂದು ಸಿಕ್ಕಿತು. ಒಬ್ಬಾಕೆ, ನಿಮ್ಮ ಕುದುರೆಗಳ ಕೂದಲು ಅಷ್ಟು ಹೊಳೆಯುವುದು ಹೇಗೆ ಎಂದು ಕೇಳಿದ್ದಕ್ಕೆ ಇವರು ಸೀಗೆಪುಡಿಯನ್ನೇ ಪಾರ್ಸೆಲ್ ಮಾಡಿದರು! ಆಕೆ ಬದಲಿಗೆ ಒಂದು ಹಸಿರು ರೆಕ್ಕೆಯದನ್ನು ಕಳಿಸಿದಳು. ನಾನು ಒಂಬತ್ತನೇ ತರಗತಿಗೆ ಪ್ರಜಾಪ್ರಭುತ್ವ ಹೇಳಿಕೊಡುತ್ತಿರುವಾಗ ಫೋನು.

"ಪೆರು ದೇಶ ಎಲ್ಲಿ ಬರುತ್ತೆ?"

"ದಕ್ಷಿಣ ಅಮೆರಿಕದಲ್ಲಿ ಭಾವ. ನಾನು ಕ್ಲಾಸಲ್ಲಿದೀನಿ."

"ಅಲ್ಲಿಂದ ಭದ್ರಾವತಿಗೆ ಪೋಸ್ಟು ಬರುತ್ತಾ?"

ಕುಂಸಿಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ಹೊತ್ತಿಗೆ ಭಾವ ಮಾಯ! ನೋಡಿದರೆ ಪೆಂಡಾಲಿನ ಹಿಂದೆ ಪುಟ್ಟ ಹುಡುಗಿಯೊಬ್ಬಳ ಎದುರು ಮಂಡಿಯೂರಿ ಕೂತಿದ್ದಾರೆ. ಅವಳ ಕೈಯಲ್ಲಿ ಹಳೆಯ ರೆಕ್ಕೆ ಕುದುರೆ. ಚಾಕೊಲೇಟಿಗೆ ಅವಳು ಬಗ್ಗಲಿಲ್ಲ, ಹೊಸ ಗೊಂಬೆ ಕೊಡಿಸುತ್ತೇನೆಂದರೂ ಬಗ್ಗಲಿಲ್ಲ. "ನಂಗೆ ಕುದುರೇನೇ ಬೇಕು," ಎಂದಳು. ಸರಿ, ನಮ್ಮ ಭಾವ ರೇಷ್ಮೆ ಪಂಚೆ ಮೇಲೆ ಕಟ್ಟಿ, ಅವಳನ್ನು ಬೆನ್ನ ಮೇಲೆ ಹತ್ತಿಸಿಕೊಂಡು, ಕೆನೆಯುತ್ತಾ ಪೆಂಡಾಲು ಸುತ್ತಿದರು. ಮದುಮಕ್ಕಳನ್ನು ಬಿಟ್ಟು ಫೋಟೋದವನು ಇವರ ಹಿಂದೆ ಓಡಿದ. ಸುಸ್ತಾಗಿ ಕೆಳಗಿಳಿಸಿದಾಗ ಹುಡುಗಿ, "ನೀನು ಹಾರಲ್ವಲ್ಲ, ಪಾಪ," ಎಂದು ತನ್ನ ಕುದುರೆಯನ್ನು ಇವರ ಕೈಗಿಟ್ಟಳು.

ಇಷ್ಟೆಲ್ಲ ಪಡಿಪಾಟಲು ಬಿದ್ದು ತಂದದ್ದನ್ನು ಅಕ್ಕನ ಮುಂದೆ ಹಿಡಿದರೆ ಅವಳು ತಿರುಗಿಸಿ ನೋಡಿ, "ಇದಲ್ಲ," ಎನ್ನುತ್ತಿದ್ದಳು. "ನಂದು ಹಳದಿ ಇತ್ತು." ಹಳದಿ ಬಂತು. "ಇದಲ್ಲ. ನಂದಕ್ಕೆ ನೀಲಿ ರೆಕ್ಕೆ." ನೀಲಿ ರೆಕ್ಕೆ ಬಂತು. "ಕೂದಲು ಕೆಂಪಿತ್ತಲ್ಲ?" ಒಂದೊಂದು ವಾರ ಒಂದೊಂದು ಬಣ್ಣ. ನಮಗೆಲ್ಲ ವಿಷಯ ಸ್ಪಷ್ಟವಿತ್ತು: ಅವಳಿಗೆ ಕುದುರೆಯೂ ಮರೆತುಹೋಗುತ್ತಿದೆ. ಭಾವ ಮಾತ್ರ ಒಪ್ಪಲಿಲ್ಲ. "ಅವಳು ಹೇಳ್ತಿರೋದು ಬೇರೆ ದೇಶದ ಎರಕ," ಎನ್ನುತ್ತಿದ್ದರು. ದುರದೃಷ್ಟಕ್ಕೆ, ಹುಡುಕಿದರೆ ಅಂಥದೊಂದು ಎಲ್ಲಿಯಾದರೂ ಸಿಕ್ಕಿಬಿಡುತ್ತಿತ್ತು! ಅಕ್ಕ ಮರೆತಷ್ಟೂ ಷೋಕೇಸು ತುಂಬಿತು.

ಒಂದು ಭಾನುವಾರ ಅವಳನ್ನು ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದುಕೊಂಡು ಹೋಗಿದ್ದೆವು. ಆನೆಗಳು ನೀರಿನಲ್ಲಿ ಮಲಗಿ ಮೈ ಉಜ್ಜಿಸಿಕೊಳ್ಳುವುದನ್ನು ನೋಡಿ ಅಕ್ಕ ಮೊದಲು ಚಪ್ಪಾಳೆ ತಟ್ಟಿದಳು. ಇದ್ದಕ್ಕಿದ್ದಂತೆ ಮುಖ ಸಣ್ಣದಾಯಿತು. "ಇವುಗಳ ರೆಕ್ಕೆ ಯಾರು ಕತ್ತರಿಸಿದ್ರು?" ಎಂದು ಅಳಲು ಶುರುಮಾಡಿದಳು. ಜನ ತಿರುಗಿ ನೋಡುತ್ತಿದ್ದರು. ಭಾವ ತಮ್ಮ ಕರವಸ್ತ್ರದಿಂದ ಅವಳ ಮೂಗು ಒರೆಸಿ, "ಮತ್ತೆ ಬರುತ್ತೆ ಬಿಡು. ಮಳೆಗಾಲ ಬಂದ್ರೆ ಚಿಗುರುತ್ತೆ," ಎಂದರು. ಅಕ್ಕ ನಂಬಿದಳು. ನಾನು ಕಬ್ಬಿನಹಾಲು ತರುತ್ತೇನೆಂದು ಹೇಳಿ ಅಲ್ಲಿಂದ ಎದ್ದುಹೋದೆ.

ಮನೆಗೆ ಬಂದ ಮೇಲೂ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆಂದು ಕೇಳಬೇಡಿ. ಕಾಯಿಲೆಯ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ, ಎದುರಿಗೆ ಭಾವ ಸಿಕ್ಕಿದರು. "ಅವಳನ್ನ ಯಾಕೆ ಕೇಳ್ತೀರಿ ಭಾವ? ಅವತ್ತು ಹುಡುಗೀನ ಬಿಟ್ಟು ಅಷ್ಟು ಹೊತ್ತು ಕುದುರೇನೇ ನೋಡಿದ್ರಲ್ಲ. ನಿಮಗೇ ಗೊತ್ತಿರಲ್ವಾ ಯಾವ ಬಣ್ಣ ಅಂತ?"

ಭಾವ ಎದ್ದರು. ಷೋಕೇಸಿನ ಕೆಳಗಿನ ಸಾಲಿನಲ್ಲಿ ಕೈಹಾಕಿ, ಹಿಂದೆ ಮರೆಯಾಗಿದ್ದ ಒಂದನ್ನು ತೆಗೆದರು. ತಿಳಿನೇರಳೆ ಮೈ, ಬಿಳಿ ರೆಕ್ಕೆ. ನೋಡಿದ ಕೂಡಲೇ ಗುರುತು ಸಿಕ್ಕಿತು. ಅಪ್ಪನ ಷೋಕೇಸಿನಲ್ಲಿ ನಾನೂ ದಿನಾ ನೋಡಿ, ಬಣ್ಣ ಮರೆತೇಬಿಟ್ಟಿದ್ದ ಕುದುರೆ ಇಂಥದೇ.

"ಇದೇ," ಎಂದರು. "ಎಲ್ಲಕ್ಕಿಂತ ಮೊದಲು ತರಿಸಿದ್ದೇ ಇದು. ಅವಳು ಇದಲ್ಲ ಅಂದ್ಲು."

"ಮತ್ತೆ ಇವೆಲ್ಲ ಯಾಕೆ ಭಾವ?"

"ಅವಳು ಅಲ್ಲ ಅಂದ್ಮೇಲೆ ಅಲ್ಲ. ಇಬ್ರಲ್ಲಿ ಒಬ್ರು ಮರ್ತಿರೋದಂತೂ ನಿಜ. ಅದು ನಾನೇ ಅಂತ ಇಟ್ಕೊಳೋಣ ಬಿಡು." ಎರಡೂ ರೆಕ್ಕೆಗಳ ಧೂಳು ಒರೆಸಿ ಅದನ್ನು ಮತ್ತೆ ಹಿಂದಿನ ಸಾಲಿಗೇ ಇಟ್ಟರು. ಅವತ್ತಿನಿಂದ ನಾನು ಯಾವ ಪಾರ್ಸೆಲ್ಲಿಗೂ ತಕರಾರು ಮಾಡಿಲ್ಲ.

ಕಳೆದ ಶನಿವಾರ ನಾನು ಹೋಗುವ ಹೊತ್ತಿಗೆ ಹೊಸದೊಂದು ಬಂದಿತ್ತು. ಅಕ್ಕ ಅದನ್ನು ಕೈಯಲ್ಲಿ ಹಿಡಿಯಲೂ ಇಲ್ಲ. "ಕುದುರೆಗೆ ಎಲ್ಲಾದ್ರೂ ರೆಕ್ಕೆ ಇರುತ್ತಾ?" ಎಂದು ಎದ್ದು ಒಳಗೆ ಹೋದಳು. ಇದಕ್ಕೆ ಮಾತ್ರ ಭಾವನ ಬಳಿ ಯಾವ ದೇಶವೂ ಇರಲಿಲ್ಲ. ಅದನ್ನು ಉಳಿದವುಗಳ ಜೊತೆ ನಿಲ್ಲಿಸಿ, ಎದುರಿನ ಬೆತ್ತದ ಕುರ್ಚಿಯಲ್ಲಿ ಕೂತು, ಗಾಜಿನ ಕಡೆ ನೋಡುತ್ತಾ ಉಳಿದುಬಿಟ್ಟರು. ನಾನು ಅಡುಗೆಮನೆಗೆ ಹೋಗಿ ಉಪ್ಪಿಟ್ಟು ಮಾಡಿದೆ.

ತಟ್ಟೆಗೆ ಹಾಕುತ್ತಿದ್ದೆ. ಅಕ್ಕ ಬಂದು ಪಕ್ಕದಲ್ಲಿ ನಿಂತಳು. ಉಪ್ಪಿಟ್ಟು ನೋಡಿದಳು, ತಟ್ಟೆ ನೋಡಿದಳು. ಬಾಗಿಲ ಕರ್ಟನ್ ಒಂದಿಷ್ಟು ಸರಿಸಿ ನಡುಮನೆಗೆ ಇಣುಕಿದಳು. ತಲೆಗೂದಲು ಒತ್ತಿ ಸರಿಮಾಡಿಕೊಂಡಳು, ಸೆರಗು ಹೊದ್ದಳು. ಎಷ್ಟೋ ತಿಂಗಳಿಂದ ಸೀರೆ ನಾವೇ ಉಡಿಸಬೇಕಾಗಿದ್ದ ಅಕ್ಕ! ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು.

"ಹುಡುಗ ತಲೇನೇ ಎತ್ತಲ್ಲ ಕಣೇ. ಆಗ್ಲಿಂದ ಕುದುರೇನೇ ನೋಡ್ತಿದಾನೆ. ಪಾಪ, ಎಷ್ಟು ಹೆದರ್ಕೊಂಡಿದಾನೆ ನೋಡು."

ನಾನೂ ಕರ್ಟನ್ನಿನ ಸಂದಿಯಿಂದ ಇಣುಕಿದೆ.

"ಅಪ್ಪ ನನ್ನನ್ನ ಕೇಳಲ್ಲ," ಎಂದಳು. "ನೀನೇ ಹೋಗಿ ಹೇಳು. ನಂಗೆ ಒಪ್ಪಿಗೆ ಅಂತ ಹೇಳು."

ಕರ್ಟನ್ ಎಂದರೆ ಗೋಡೆಯಲ್ಲವಲ್ಲ, ಭಾವನಿಗೆ ಎಲ್ಲವೂ ಕೇಳಿಸಿತು. ಅಕ್ಕ ಮೆಲ್ಲಗೆ ನಡೆದು ಹೋಗಿ ತಟ್ಟೆ ಕೊಟ್ಟಳು. ಭಾವ ತಟ್ಟೆ ಓರೆಯಾಗಿ ಹಿಡಿದು ಅರ್ಧ ಉಪ್ಪಿಟ್ಟು ನೆಲಕ್ಕೆ ಚೆಲ್ಲಿದರು. ಈ ಸಲ ಅವರು ಕುದುರೆಗಳ ಕಡೆ ನೋಡಲಿಲ್ಲ. ತಲೆ ಎತ್ತಿ ಅಕ್ಕನನ್ನೇ ನೋಡಿದರು, ಎದುರಿನವರಿಗೆ ನಾಚಿಕೆಯಾಗುವಷ್ಟು ಹೊತ್ತು ನೋಡಿದರು. ಅಕ್ಕ ನಾಚಿಕೊಂಡಳು ಕೂಡ.

ಅವರು ಉಳಿದ ಉಪ್ಪಿಟ್ಟು ತಿಂದು ಮುಗಿಸುವಷ್ಟರಲ್ಲಿ ಅಕ್ಕನ ಮುಖದಿಂದ ಅದು ಹೊರಟುಹೋಗಿತ್ತು. ಖಾಲಿ ತಟ್ಟೆಯನ್ನೂ ಅವರನ್ನೂ ಒಂದು ಸಲ ನೋಡಿ, "ನೀವು ಯಾರ ಪೈಕಿ?" ಎಂದು ಕೇಳಿದಳು.

"ಹುಡುಗನ ಕಡೆಯವ್ನು ಕಣಮ್ಮಾ," ಎಂದರು ಭಾವ, ಕಣ್ಣೊರೆಸಿಕೊಳ್ಳುತ್ತಾ. "ಹುಡುಗೀಗೆ ಒಪ್ಪಿಗೆಯಂತೆ. ಈಗ ತಾನೇ ಗೊತ್ತಾಯ್ತು."